ಊಟದ ಸಾಲಿಲ್ಲದ ಸಮ್ಮೇಳನ

2020ರ ಜುಲೈ. ಮಧ್ಯರಾತ್ರಿ ಕಳೆದು 1.50ಕ್ಕೆ ನನ್ನ ಸರದಿ. ಅಮೆರಿಕದ ಪೂರ್ವ ಕರಾವಳಿಯಲ್ಲಿ ಆಗ ಸಂಜೆ 4.20. ಭೌತಶಾಸ್ತ್ರ ಕಲಿಸುವವರ ಒಂದು ಅಂತಾರಾಷ್ಟ್ರೀಯ ಸಮ್ಮೇಳನಕ್ಕೆ ಶಿವಮೊಗ್ಗ ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರಿಂದ ನಾನು ಹೊರಟಿದ್ದೆ, ಅಂದರೆ ಮಲಗುವ ಕೋಣೆಯಿಂದ ಊಟದ ಮೇಜಿನವರೆಗೆ. ಕ್ಯಾಮೆರಾ ಮುಖದ ಎತ್ತರಕ್ಕೆ ಬರಲೆಂದು ಲ್ಯಾಪ್‌ಟಾಪಿನ ಕೆಳಗೆ ಎರಡು ದಪ್ಪ ಪುಸ್ತಕ. ಪಕ್ಕದಲ್ಲಿ ಬೆಳಗಿನ ದೋಸೆಗೆ ರುಬ್ಬಿಟ್ಟ ಹಿಟ್ಟು. ಹೊರಗೆ ಮಳೆ. ಕರೆಂಟು ಹೋದರೆ ಯುಪಿಎಸ್ ಇದೆ, ಇಂಟರ್ನೆಟ್ ಹೋದರೆ ಮೊಬೈಲ್ ಇದೆ, ಎರಡೂ ಹೋದರೆ ದೇವರಿದ್ದಾನೆ ಎಂದುಕೊಂಡು ಇಸ್ತ್ರಿ ಮಾಡಿದ ಸೀರೆ ಉಟ್ಟು ಕೂತಿದ್ದೆ.

ಎಂಟು ನಿಮಿಷ ಮಾತಾಡಿದೆ. ಎದುರಿಗೆ ಕಂಡದ್ದು ನನ್ನದೇ ಸ್ಲೈಡು, ಮೂಲೆಯಲ್ಲಿ ನನ್ನದೇ ಮುಖ. ಮುಗಿದಾಗ ಚಪ್ಪಾಳೆಯ ಪುಟ್ಟ ಚಿತ್ರಗಳು ನಾಲ್ಕೋ ಐದೋ ಮೇಲೆ ತೇಲಿ ಮಾಯವಾದವು. ಮುಂದಿನವರನ್ನು ಕರೆದರು. ಸ್ವಲ್ಪ ಹೊತ್ತಿಗೆ ಮೀಟಿಂಗ್ ಮುಗಿಯಿತೆಂಬ ಒಂದು ಸಾಲು ಬಂತು, ಅದರ ಹಿಂದೆಯೇ ಲ್ಯಾಪ್‌ಟಾಪಿನಲ್ಲಿ ಯಾವಾಗಲೂ ಇರುವ ಮಗಳ ಫೋಟೊ. ಮನೆಯಲ್ಲಿ ನಲ್ಲಿ ತೊಟ್ಟಿಕ್ಕುವ ಸದ್ದು ಬಿಟ್ಟರೆ ಏನೂ ಇಲ್ಲ. ನೀರು ಕುಡಿಯಲು ಎದ್ದು ಬಂದ ಅತ್ತೆ ಕೇಳಿದರು: ‘ಮುಗೀತಾ? ಯಾರ್ಯಾರು ಬಂದಿದ್ರು?’

ಮದುವೆಯಿಂದ ಬಂದರೂ, ತಿಥಿಯಿಂದ ಬಂದರೂ, ಸಾಹಿತ್ಯ ಸಮ್ಮೇಳನದಿಂದ ಬಂದರೂ ನಮ್ಮಲ್ಲಿ ಕೇಳುವ ಮೊದಲ ಪ್ರಶ್ನೆ ಇದು. ಎರಡನೆಯದು, ಊಟಕ್ಕೆ ಏನಿತ್ತು. ಎರಡನೆಯದಕ್ಕೆ ಉತ್ತರ ಪಕ್ಕದ ಪಾತ್ರೆಯಲ್ಲೇ ಉಬ್ಬುತ್ತಿತ್ತು. ಮೊದಲನೆಯದಕ್ಕೆ ನನ್ನ ಬಳಿ ಉತ್ತರವೇ ಇರಲಿಲ್ಲ. ಪರದೆಯ ಮೇಲೆ 46 ಎಂಬ ಅಂಕಿ ಇತ್ತು. ಆ 46 ಜನ ಯಾರು, ಅದರಲ್ಲಿ ಎಷ್ಟು ಜನ ಕೇಳುತ್ತಿದ್ದರು, ಎಷ್ಟು ಜನ ಆಚೆ ಹೋಗಿ ಪಾತ್ರೆ ತೊಳೆಯುತ್ತಿದ್ದರು, ಇವತ್ತಿಗೂ ಗೊತ್ತಿಲ್ಲ.

ಅದಕ್ಕೆ ಆರು ತಿಂಗಳ ಹಿಂದೆ, ಜನವರಿ 3ರಿಂದ 7ರವರೆಗೆ, ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿ 107ನೇ ಭಾರತೀಯ ವಿಜ್ಞಾನ ಕಾಂಗ್ರೆಸ್ ನಡೆದಿತ್ತು. ಅಲ್ಲಿ ಕೇಳಿದ ಭಾಷಣಗಳಲ್ಲಿ ಈಗ ನೆನಪಿರುವುದು ಒಂದೆರಡು. ಊಟದ ಸಾಲು ಮಾತ್ರ ಚೆನ್ನಾಗಿ ನೆನಪಿದೆ. ನನ್ನ ಮುಂದೆ ನಿಂತಿದ್ದವರು ಅಸ್ಸಾಮಿನ ಒಬ್ಬ ಮೇಷ್ಟ್ರು. ಕೊರಳಲ್ಲಿದ್ದ ಬ್ಯಾಡ್ಜ್ ಓದಿ ‘ಫಿಸಿಕ್ಸಾ?’ ಎಂದರು. ಸಾಲು ಅನ್ನದ ಪಾತ್ರೆ ಮುಟ್ಟುವ ಹೊತ್ತಿಗೆ, ಹಳೇ ಸಿಡಿಯ ಒಂದು ಚೂರು, ಬೂಟಿನ ರಟ್ಟಿನ ಡಬ್ಬ ಮತ್ತು ಮುರಿದ ಬ್ಲೇಡಿನ ಎರಡು ತುಂಡುಗಳಿಂದ ಸ್ಪೆಕ್ಟ್ರೋಮೀಟರ್ ಮಾಡುವುದು ಹೇಗೆಂದು ಪೇಪರ್ ನ್ಯಾಪ್ಕಿನ್ ಮೇಲೆ ಬರೆದು ಕೊಟ್ಟಿದ್ದರು. ಬ್ಲೇಡಿನ ಎರಡು ಅಂಚುಗಳ ನಡುವೆ ಕೂದಲೆಳೆಯಷ್ಟು ಸೀಳು ಬಿಡಬೇಕು. ಎಲ್ಲ ಗುಟ್ಟು ಇರುವುದು ಅಲ್ಲೇ. ನಮ್ಮ ಲ್ಯಾಬಿನಲ್ಲಿ ಅದು ಇವತ್ತೂ ಇದೆ. ಟ್ಯೂಬ್‌ಲೈಟಿಗೆ ಹಿಡಿದರೆ ಬೆಳಕು ಬೇರೆ ಬೇರೆ ಗೆರೆಗಳಾಗಿ ಒಡೆಯುತ್ತದೆ, ಎಲ್‌ಇಡಿ ಬಲ್ಬಿಗೆ ಹಿಡಿದರೆ ಒಂದೇ ಪಟ್ಟಿಯಾಗಿ ಹರಡುತ್ತದೆ. ಪ್ರತಿ ವರ್ಷ ಹುಡುಗರು ‘ಓ’ ಎನ್ನುತ್ತಾರೆ. ಆ ಪಾಠ ಯಾವ ಸೆಷನ್ನಿನಲ್ಲೂ ಇರಲಿಲ್ಲ. ಕಾರ್ಯಕ್ರಮ ಪಟ್ಟಿಯಲ್ಲಿ ಆ ಹೊತ್ತಿಗೆ ಇದ್ದ ಹೆಸರು ‘ಭೋಜನ ವಿರಾಮ’.

ಪರದೆಯ ಸಮ್ಮೇಳನ ಒಳ್ಳೆಯದೋ, ಹೋಗಿ ಕೂರುವ ಸಮ್ಮೇಳನ ಒಳ್ಳೆಯದೋ ಎಂದು ಯಾರಾದರೂ ಕೇಳಿದಾಗ ನನಗೆ ಈ ಎರಡೂ ದೃಶ್ಯಗಳು ಒಟ್ಟಿಗೇ ನೆನಪಾಗುತ್ತವೆ. ಜಿಕೆವಿಕೆಗೆ ಬಸ್ಸಿನಲ್ಲಿ ಹೋಗಬಹುದಿತ್ತು. ಅಮೆರಿಕದ ಸಮ್ಮೇಳನಕ್ಕೆ ಈ ಜನ್ಮದಲ್ಲಿ ಹೋಗುತ್ತಿದ್ದೆನೋ ಇಲ್ಲವೋ.

ಆ ವರ್ಷ ನಡೆದದ್ದನ್ನು ಸ್ವಲ್ಪ ನೆನಪಿಸಿಕೊಳ್ಳೋಣ. ಅಮೆರಿಕನ್ ಫಿಸಿಕಲ್ ಸೊಸೈಟಿಯ ‘ಮಾರ್ಚ್ ಮೀಟಿಂಗ್’ ನಮ್ಮ ವೃತ್ತಿಯವರ ದೊಡ್ಡ ಜಾತ್ರೆ. ಹತ್ತು ಸಾವಿರಕ್ಕೂ ಹೆಚ್ಚು ಜನ ಸೇರುತ್ತಾರೆ. 2020ರ ಮಾರ್ಚ್ 2ರ ಸೋಮವಾರ ಡೆನ್ವರ್‌ನಲ್ಲಿ ಶುರುವಾಗಬೇಕಿದ್ದ ಆ ಜಾತ್ರೆ ಫೆಬ್ರುವರಿ 29ರ ಶನಿವಾರ ರಾತ್ರಿ ರದ್ದಾಯಿತು. ಎಷ್ಟೋ ಜನ ಆಗಲೇ ಡೆನ್ವರ್ ತಲುಪಿ ಹೋಟೆಲಿನಲ್ಲಿ ಪೆಟ್ಟಿಗೆ ಬಿಚ್ಚಿದ್ದರು. ಆಡಬೇಕಿದ್ದ ಮಾತನ್ನು ವಿಡಿಯೊ ಮಾಡಿ, ಸ್ಲೈಡುಗಳನ್ನು ಅಂತರ್ಜಾಲಕ್ಕೆ ಏರಿಸಿ ವಾಪಸು ಹೊರಟರು. ಅದಾದ ಮೇಲೆ ಒಂದರ ಹಿಂದೊಂದು ಎಲ್ಲವೂ ಪರದೆಗೆ ಬಂದವು. ದಿನಕ್ಕೆ ಜೂಮ್ ಮೀಟಿಂಗುಗಳಿಗೆ ಸೇರುವವರ ಲೆಕ್ಕ 2019ರ ಡಿಸೆಂಬರಿನಲ್ಲಿ 1 ಕೋಟಿ ಇದ್ದದ್ದು 2020ರ ಏಪ್ರಿಲ್‌ಗೆ 30 ಕೋಟಿ ಮುಟ್ಟಿತು. ನವೆಂಬರಿನಲ್ಲಿ ನಮ್ಮ ಬೆಂಗಳೂರು ಟೆಕ್ ಸಮಿಟ್ ಕೂಡ ಆನ್‌ಲೈನಿನಲ್ಲೇ ನಡೆಯಿತು. ಪ್ರಧಾನಿ ವಿಡಿಯೊ ಮೂಲಕ ಉದ್ಘಾಟಿಸಿದರು.

ಒಂದು ಸಮ್ಮೇಳನ ಮಾತ್ರ ಪರದೆಗೆ ಬರಲಿಲ್ಲ. 85ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ 2020ರ ಫೆಬ್ರುವರಿಯಲ್ಲಿ ಕಲಬುರಗಿಯಲ್ಲಿ ಮುಗಿದಿತ್ತು. ಹಾವೇರಿಯ 86ನೆಯದು ಮುಂದೆ ಮುಂದೆ ಹೋಗಿ ಕೊನೆಗೆ 2023ರ ಜನವರಿಯಲ್ಲಿ ನಡೆಯಿತು. ಮೂರು ವರ್ಷ ಕಾದೆವೇ ಹೊರತು ಜೂಮಿನಲ್ಲಿ ಮಾಡಿ ಮುಗಿಸಲಿಲ್ಲ. ಗೋಷ್ಠಿಗಳನ್ನು ಪರದೆಯಲ್ಲಿ ನಡೆಸಬಹುದಿತ್ತು. ಪುಸ್ತಕದ ಮಳಿಗೆ, ಧೂಳು, ಊಟದ ಪೆಂಡಾಲು, ಹತ್ತು ವರ್ಷದ ನಂತರ ಸಿಕ್ಕ ಹಳೇ ಸಹಪಾಠಿ, ಇವನ್ನು ಎಲ್ಲಿಂದ ತರುವುದು? ವಿಜ್ಞಾನಿಗಳು, ಎಂಜಿನಿಯರುಗಳು ಕಷ್ಟಪಟ್ಟು ಕಂಡುಕೊಂಡದ್ದು ನಮ್ಮ ಸಾಹಿತ್ಯ ಪ್ರೇಮಿಗಳಿಗೆ ಮೊದಲೇ ಗೊತ್ತಿತ್ತೇನೋ.

ಹಾಗೆಂದು ಪರದೆ ಕೊಟ್ಟದ್ದನ್ನು ಹಗುರವಾಗಿ ಕಾಣುವಂತಿಲ್ಲ. ವಿದೇಶದ ಸಮ್ಮೇಳನಕ್ಕೆ ಹೋಗುವುದೆಂದರೆ ನೋಂದಣಿಗೇ ನೂರಾರು ಡಾಲರು, ವಿಮಾನದ ಟಿಕೆಟ್ಟು, ಹೋಟೆಲು. ಅದಕ್ಕೂ ಮೊದಲು ವೀಸಾ. ಬೆಂಗಳೂರಿಗೆ ಅಮೆರಿಕದ ಕಾನ್ಸುಲೇಟ್ ಬಂದದ್ದೇ 2025ರ ಜನವರಿಯಲ್ಲಿ; ಅಷ್ಟೂ ವರ್ಷ ನಮ್ಮವರು ಸಂದರ್ಶನಕ್ಕೆ ಫೈಲು ಹಿಡಿದು ಚೆನ್ನೈಗೋ ಹೈದರಾಬಾದಿಗೋ ಹೋಗಬೇಕಿತ್ತು. 2022ರ ಕೊನೆಯ ಹೊತ್ತಿಗೆ ಭಾರತದ ಕೆಲವು ನಗರಗಳಲ್ಲಿ ಮೊದಲ ಬಾರಿ ಪ್ರವಾಸಿ-ವ್ಯಾಪಾರ ವೀಸಾ ಕೇಳುವವರು ಸಂದರ್ಶನಕ್ಕಾಗಿ ಕಾಯಬೇಕಾದ ಅವಧಿ ಒಂಬೈನೂರು ದಿನ ದಾಟಿತ್ತು. ಪ್ರಬಂಧ ಒಪ್ಪಿಗೆಯಾಗಿ ಸಮ್ಮೇಳನಕ್ಕೆ ಉಳಿದಿರುವುದು ನಾಲ್ಕು ತಿಂಗಳಾದರೆ ಆ ವೀಸಾ ಯಾವ ಕೆಲಸಕ್ಕೆ ಬಂತು?

ಆಫ್ರಿಕಾದವರ ಕಥೆ ಇನ್ನೂ ಕಷ್ಟದ್ದು. ಕೃತಕ ಬುದ್ಧಿಮತ್ತೆಯ ದೊಡ್ಡ ಸಮ್ಮೇಳನ ನ್ಯೂರಿಪ್ಸ್ 2018ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ನಡೆದಾಗ ಹಲವು ಆಫ್ರಿಕನ್ ಸಂಶೋಧಕರಿಗೆ ವೀಸಾ ಸಿಗಲಿಲ್ಲ. ನಾವು ಅಲ್ಲಿಗೆ ಹೋಗಲಾಗದಿದ್ದರೆ ಸಮ್ಮೇಳನವೇ ನಮ್ಮಲ್ಲಿಗೆ ಬರಲಿ ಎಂಬ ಮಾತು ಎದ್ದಿತು. ಅದೇ ಕ್ಷೇತ್ರದ ಇನ್ನೊಂದು ದೊಡ್ಡ ಸಮ್ಮೇಳನ ಐಸಿಎಲ್‌ಆರ್, 2020ರ ಏಪ್ರಿಲ್‌ಗೆ ಇಥಿಯೋಪಿಯಾದ ಅಡಿಸ್ ಅಬಾಬಾದಲ್ಲಿ ನಿಗದಿಯಾಯಿತು. ಅಷ್ಟರಲ್ಲಿ ಕೊರೊನಾ ಬಂತು, ಸಮ್ಮೇಳನ ಪರದೆಗೆ ಹೋಯಿತು. ಆಫ್ರಿಕಾದ ಅಂಗಳಕ್ಕೆ ಬರಬೇಕಿದ್ದ ಹಬ್ಬ ಬಾಗಿಲಲ್ಲೇ ತಪ್ಪಿತು. ಆದರೆ ಹಿಂದಿನ ವರ್ಷಕ್ಕಿಂತ ಎರಡು ಪಟ್ಟು ಹೆಚ್ಚು ಜನ ಸೇರಿದರು. ಕೊನೆಗೆ 2023ರಲ್ಲಿ ಅದು ರುವಾಂಡಾದ ಕಿಗಾಲಿಯಲ್ಲಿ ನಡೆಯಿತು. ಪರದೆಯಲ್ಲಿ ಎಲ್ಲರಿಗೂ ಬಾಗಿಲು ತೆರೆದ ಮೇಲೂ ‘ನಮ್ಮೂರಿಗೆ ಬನ್ನಿ’ ಎಂಬ ಕರೆಯನ್ನು ಅವರು ಬಿಟ್ಟುಕೊಡಲಿಲ್ಲ ಎಂಬುದು ಗಮನಿಸಬೇಕಾದ ಮಾತು.

ಹೆಂಗಸರ ಅನುಭವವನ್ನು ಬೇರೆಯಾಗಿಯೇ ಹೇಳಬೇಕು. ಚಿಕ್ಕ ಮಗುವಿದ್ದವರು, ಮನೆಯಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವವರು ವರ್ಷಗಟ್ಟಲೆ ಸಮ್ಮೇಳನಗಳ ಕಡೆ ತಲೆ ಹಾಕಿರುವುದಿಲ್ಲ. ನನ್ನ ಮಗಳು ಹುಟ್ಟಿದ ಮೇಲೆ ಐದು ವರ್ಷ ನಾನು ಜಿಲ್ಲೆ ದಾಟಿ ಒಂದು ಸೆಮಿನಾರಿಗೂ ಹೋಗಿರಲಿಲ್ಲ. 2020ರಲ್ಲಿ ಆನ್‌ಲೈನಿಗೆ ಬಂದ ವಿಜ್ಞಾನ ಸಮ್ಮೇಳನಗಳ ಲೆಕ್ಕ ತೆಗೆದವರಿಗೆ ಮಹಿಳೆಯರ ಹಾಜರಿ, ಬಡ ದೇಶಗಳವರ ಹಾಜರಿ ಎರಡೂ ಏರಿದ್ದು ಕಂಡಿತು. ವೈದ್ಯರಿಗೂ ಹೀಗೇ ಅನುಕೂಲವಾಯಿತು. ಐದು ವರ್ಷಕ್ಕೆ ಕನಿಷ್ಠ 30 ಗಂಟೆ ವೃತ್ತಿ ಶಿಕ್ಷಣದ ಸಭೆಗಳಲ್ಲಿ ಭಾಗವಹಿಸಬೇಕೆಂದು 2002ರ ವೈದ್ಯಕೀಯ ನಿಯಮಾವಳಿ ಹೇಳುತ್ತದೆ. ಇರುವ ಒಬ್ಬರೇ ಡಾಕ್ಟರು ಭಾನುವಾರ ಊರು ಬಿಟ್ಟರೆ ತಾಲ್ಲೂಕಿನ ರೋಗಿಗಳ ಗತಿಯೇನು? ಪರದೆ ಅವರನ್ನು ಆ ಧರ್ಮಸಂಕಟದಿಂದ ಬಿಡಿಸಿತು.

ಇನ್ನೊಂದು ಸಣ್ಣ ಲಾಭ, ನನ್ನ ಮಟ್ಟಿಗೆ ದೊಡ್ಡದು: ಚಾಟ್ ಪೆಟ್ಟಿಗೆ. ಸಭಾಂಗಣದಲ್ಲಿ ಭಾಷಣ ಮುಗಿದೊಡನೆ ಮೈಕ್ ಹೋಗುವುದು ಮೊದಲ ಸಾಲಿಗೆ. ಅಲ್ಲಿರುವ ಹಿರಿಯರು ಪ್ರಶ್ನೆ ಕೇಳುವುದಿಲ್ಲ, ತಮ್ಮದೇ ಒಂದು ಭಾಷಣ ಮಾಡುತ್ತಾರೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗಿ ಕೊನೇ ಸಾಲಿನಲ್ಲಿ ಇಂಗ್ಲಿಷ್ ವಾಕ್ಯವನ್ನು ಮನಸ್ಸಿನಲ್ಲೇ ಜೋಡಿಸಿ ಮುಗಿಸುವ ಹೊತ್ತಿಗೆ ‘ಸಮಯದ ಅಭಾವದಿಂದ’ ಎಂದು ಅಧ್ಯಕ್ಷರು ಎದ್ದಿರುತ್ತಾರೆ. ಚಾಟಿನಲ್ಲಿ ಅವಳು ನಿಧಾನವಾಗಿ ಟೈಪ್ ಮಾಡಬಹುದು, ತಿದ್ದಬಹುದು, ಕಳಿಸಬಹುದು. ರೆಕಾರ್ಡಿಂಗ್ ಇದ್ದರೆ ಅರ್ಥವಾಗದ ಉಚ್ಚಾರಣೆಯನ್ನು ಹಿಂದಕ್ಕೆ ತಂದು ಮತ್ತೆ ಕೇಳಬಹುದು. ಕಿವಿ ಕೇಳದವರಿಗೆ ಮಾತು ಅಕ್ಷರವಾಗಿ ಪರದೆಯ ಕೆಳಗೆ ಹರಿಯುತ್ತದೆ. ಇದೆಲ್ಲ ಎಷ್ಟೋ ಸಭಾಂಗಣಗಳಲ್ಲಿ ಇವತ್ತಿಗೂ ಇಲ್ಲ.

ಹವಾಮಾನದ ಲೆಕ್ಕವೂ ಇದೆ. ಭೂವಿಜ್ಞಾನಿಗಳ ದೊಡ್ಡ ಸಂಘ ಅಮೆರಿಕನ್ ಜಿಯೋಫಿಸಿಕಲ್ ಯೂನಿಯನ್ 2019ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಡೆಸಿದ ಸಮ್ಮೇಳನಕ್ಕೆ ಸುಮಾರು 28 ಸಾವಿರ ಜನ ಹೋಗಿಬಂದರು. ಆ ಓಡಾಟಕ್ಕೆ ಗಾಳಿಗೆ ಸೇರಿದ ಇಂಗಾಲದ ಡೈಆಕ್ಸೈಡ್ 80 ಸಾವಿರ ಟನ್, ಅಂದರೆ ತಲಾ ಮೂರು ಟನ್ ಎಂದು 2020ರ ‘ನೇಚರ್’ ಪತ್ರಿಕೆಯ ಒಂದು ಲೆಕ್ಕಾಚಾರ ಹೇಳಿತು. ಭೂಮಿ ಬಿಸಿಯಾಗುತ್ತಿದೆ ಎಂದು ಹೇಳಲು ಭೂಮಿಯನ್ನೇ ಇಷ್ಟು ಬಿಸಿ ಮಾಡಬೇಕೆ ಎಂದು ಆ ವಿಜ್ಞಾನಿಗಳೇ ತಮ್ಮನ್ನು ಕೇಳಿಕೊಂಡರು.

ಇಷ್ಟೆಲ್ಲ ಸಿಕ್ಕರೂ ಅತ್ತೆಯ ಪ್ರಶ್ನೆ ಹಾಗೇ ಉಳಿಯಿತಲ್ಲ, ಏಕೆ? ನಾಚಿಕೆಯೋ ಅಭ್ಯಾಸವಿಲ್ಲದ್ದೋ ಎಂದುಕೊಂಡಿದ್ದೆ. ಓದುತ್ತಾ ಹೋದಂತೆ ಕಾರಣ ನಮ್ಮ ಕಣ್ಣು ಕಿವಿಗಳಲ್ಲೇ ಇದೆ ಎಂದು ತಿಳಿಯಿತು.

ಹತ್ತು ಭಾಷೆಗಳ ಸಂಭಾಷಣೆಗಳನ್ನು ಅಳೆದ 2009ರ ಒಂದು ಅಧ್ಯಯನದ ಪ್ರಕಾರ, ಒಬ್ಬರು ಮಾತು ಮುಗಿಸಿ ಇನ್ನೊಬ್ಬರು ಶುರು ಮಾಡುವ ನಡುವಿನ ಬಿಡುವು ಸರಾಸರಿ ಸೆಕೆಂಡಿನ ಐದನೇ ಒಂದು ಭಾಗ ಮಾತ್ರ. ಎದುರಿಗಿರುವವರ ಉಸಿರು, ತುಟಿ, ಹುಬ್ಬು ನೋಡಿ ‘ಈಗ ಮುಗಿಸುತ್ತಾರೆ’ ಎಂದು ಊಹಿಸಿ ನಾವು ಮಾತಿಗೆ ಮಾತು ಹೆಣೆಯುತ್ತೇವೆ. ಇಂಟರ್ನೆಟ್ಟಿನಲ್ಲಿ ದನಿ ತಲುಪುವುದೇ ಅಷ್ಟು ತಡವಾದರೆ ಆ ಹೆಣಿಗೆ ಬಿಚ್ಚಿಹೋಗುತ್ತದೆ. ಇಬ್ಬರೂ ಒಟ್ಟಿಗೇ ಶುರು ಮಾಡುತ್ತಾರೆ, ಇಬ್ಬರೂ ಒಟ್ಟಿಗೇ ನಿಲ್ಲಿಸುತ್ತಾರೆ. ‘ಹೇಳಿ ಸರ್’, ‘ಇಲ್ಲ ಇಲ್ಲ, ನೀವು ಹೇಳಿ ಮೇಡಂ’. ಇದು ನಾಲ್ಕು ಸಲ ಆದರೆ ಇಬ್ಬರೂ ಸುಮ್ಮನಾಗುತ್ತಾರೆ.

ಕಿವಿಯದು ಇನ್ನೊಂದು ಕಥೆ. ಮದುವೆ ಮನೆಯಲ್ಲಿ ಇನ್ನೂರು ಜನ ಒಟ್ಟಿಗೆ ಮಾತಾಡುತ್ತಿದ್ದರೂ ಪಕ್ಕದವರ ಮಾತು ನಮಗೆ ಕೇಳುತ್ತದೆ. ದೂರದಲ್ಲಿ ಯಾರೋ ನಮ್ಮ ಹೆಸರು ಎತ್ತಿದರೆ ಅದೂ ಕಿವಿಗೆ ಬೀಳುತ್ತದೆ. ಎರಡು ಕಿವಿಗಳು ದನಿ ಬಂದ ದಿಕ್ಕನ್ನು ಹಿಡಿದು, ಬೇಕಾದ್ದನ್ನು ಆರಿಸಿ ಉಳಿದದ್ದನ್ನು ಬದಿಗಿಡುತ್ತವೆ. ಕಾಲಿನ್ ಚೆರ್ರಿ ಎಂಬ ವಿಜ್ಞಾನಿ ಇದನ್ನು 1953ರಷ್ಟು ಹಿಂದೆಯೇ ಪರೀಕ್ಷಿಸಿ ಬರೆದರು. ಲ್ಯಾಪ್‌ಟಾಪಿನ ಸ್ಪೀಕರಿನಲ್ಲಿ ಎಲ್ಲರ ದನಿಯೂ ಬರುವುದು ಒಂದೇ ಜಾಗದಿಂದ. ಇಬ್ಬರು ಒಟ್ಟಿಗೆ ಮಾತಾಡಿದರೆ ಗದ್ದಲ. ಹಾಗಾಗಿ ಪರದೆಯ ಕೋಣೆಯಲ್ಲಿ ಮೂವತ್ತು ಜನರಿದ್ದರೆ ಒಬ್ಬರು ಮಾತಾಡಬೇಕು, ಇಪ್ಪತ್ತೊಂಬತ್ತು ಜನ ಮ್ಯೂಟಿನಲ್ಲಿರಬೇಕು. ಅದೇ ಮೂವತ್ತು ಜನ ಕಾಫಿ ಕೌಂಟರಿನ ಸುತ್ತ ನಿಂತರೆ ಹನ್ನೆರಡು ಮಾತುಕತೆ ಒಟ್ಟಿಗೆ ನಡೆಯುತ್ತವೆ. ಒಂದರಲ್ಲಿ ಬೇಸರವಾದರೆ ‘ಒಂದ್ನಿಮಿಷ’ ಎಂದು ಪಕ್ಕದ ಗುಂಪಿಗೆ ಜರುಗಬಹುದು.

ಕಣ್ಣಿನ ವಿಷಯಕ್ಕೆ ಬಂದರೆ, ಸ್ಟ್ಯಾನ್‌ಫರ್ಡಿನ ಜೆರೆಮಿ ಬೈಲೆನ್ಸನ್ 2021ರಲ್ಲಿ ಜೂಮ್ ದಣಿವಿಗೆ ನಾಲ್ಕು ಕಾರಣ ಕೊಟ್ಟರು. ಎಲ್ಲರ ಮುಖವೂ ತೀರಾ ಹತ್ತಿರ, ಸದಾ ನಮ್ಮನ್ನೇ ನೋಡುತ್ತಿರುವಂತೆ. ದಿನವಿಡೀ ಕನ್ನಡಿ ಮುಂದೆ ಕೂತಂತೆ ನಮ್ಮ ಮುಖ ನಮಗೇ. ಕ್ಯಾಮೆರಾದ ಚೌಕಟ್ಟು ಬಿಟ್ಟು ಅಲುಗಾಡುವಂತಿಲ್ಲ. ಎದುರಿದ್ದರೆ ತಾನಾಗಿ ತಿಳಿಯುವ ಸನ್ನೆಗಳನ್ನು ಇಲ್ಲಿ ಕಷ್ಟಪಟ್ಟು ಓದಬೇಕು, ಕಷ್ಟಪಟ್ಟು ತೋರಿಸಬೇಕು. ಮರುವರ್ಷ ಮೆಲನಿ ಬ್ರಕ್ಸ್ ಮತ್ತು ಜೊನಾಥನ್ ಲೆವಾವ್ ‘ನೇಚರ್’ನಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಕುತೂಹಲಕರ. ನೂರಾರು ಜನರನ್ನು ಜೋಡಿ ಮಾಡಿ, ಅರ್ಧ ಜೋಡಿಗಳನ್ನು ಎದುರುಬದುರು, ಅರ್ಧ ಜೋಡಿಗಳನ್ನು ವಿಡಿಯೊದಲ್ಲಿ ಕೂರಿಸಿ ಹೊಸ ಯೋಚನೆ ಹೇಳಿ ಎಂದರು. ಐದು ದೇಶಗಳ ಎಂಜಿನಿಯರುಗಳ ಮೇಲೂ ಪರೀಕ್ಷಿಸಿದರು. ವಿಡಿಯೊದಲ್ಲಿದ್ದವರಿಗೆ ಹೊಳೆದದ್ದು ಕಡಿಮೆ. ಇದ್ದ ಯೋಚನೆಗಳಲ್ಲಿ ಒಳ್ಳೆಯದನ್ನು ಆರಿಸುವುದರಲ್ಲಿ ಮಾತ್ರ ಅವರೇನೂ ಹಿಂದೆ ಬೀಳಲಿಲ್ಲ. ಕಾರಣ, ಪರದೆ ನೋಡುವವರ ಕಣ್ಣು ಪರದೆಗೇ ಅಂಟಿರುತ್ತದೆ; ಕಣ್ಣು ಕಟ್ಟಿಹೋದರೆ ಮನಸ್ಸೂ ಕಟ್ಟಿಹೋಗುತ್ತದೆ. ಎದುರು ಕೂತವರು ಮಾತಾಡುತ್ತಾ ಕಿಟಕಿ ನೋಡುತ್ತಾರೆ, ಸೂರು ನೋಡುತ್ತಾರೆ. ಹೊಳೆಯುವುದು ಹಾಗೆ ಅಲೆದಾಗಲೇ.

ಇಲ್ಲಿಗೆ ಒಂದು ಮಾತು ಸ್ಪಷ್ಟವಾಯಿತು. ಸಮ್ಮೇಳನ ಎಂಬ ಒಂದೇ ಹೆಸರಿನ ಕೆಳಗೆ ನಾವು ಎರಡು ಕೆಲಸ ಮಾಡುತ್ತಿದ್ದೆವು: ಕೇಳುವುದು ಮತ್ತು ಸಿಗುವುದು. ಎರಡೂ ಒಂದೇ ಕಟ್ಟಡದಲ್ಲಿ ನಡೆಯುತ್ತಿದ್ದರಿಂದ ಬೇರೆ ಬೇರೆ ಎಂದು ಗೊತ್ತೇ ಆಗಿರಲಿಲ್ಲ. ಪರದೆ ಅವನ್ನು ಬಿಡಿಸಿ ತೋರಿಸಿತು. ಕೇಳುವುದು ಅದರಲ್ಲಿ ಚೆನ್ನಾಗಿಯೇ ಸಾಗಿ ಬಂತು, ಸಿಗುವುದು ಬರಲಿಲ್ಲ.

ಸಿಗುವುದರ ಬೆಲೆ ಏನೆಂಬುದಕ್ಕೆ ಜೀವವಿಜ್ಞಾನದ ಎರಡು ಪ್ರಸಂಗ ಹೇಳಬಹುದು. 2011ರಲ್ಲಿ ಪೋರ್ಟೊ ರಿಕೊದ ಸ್ಯಾನ್ ಹುವಾನ್‌ನಲ್ಲಿ ನಡೆದ ಸೂಕ್ಷ್ಮಜೀವಿ ವಿಜ್ಞಾನಿಗಳ ಸಮ್ಮೇಳನದಲ್ಲಿ ಜೆನಿಫರ್ ಡೌಡ್ನಾ ಮತ್ತು ಇಮಾನ್ಯುಯೆಲ್ ಶಾರ್ಪೆಂಟಿಯೆ ಭೇಟಿಯಾದರು. ಹಳೇ ಊರಿನ ಕಲ್ಲುಹಾಸಿನ ಬೀದಿಗಳಲ್ಲಿ ನಡೆಯುತ್ತಾ ಒಟ್ಟಿಗೆ ಕೆಲಸ ಮಾಡುವ ಮಾತಾಯಿತು. ಮರುವರ್ಷ ಕ್ರಿಸ್ಪರ್ ಎಂಬ ವಂಶವಾಹಿ ಕತ್ತರಿಯ ಪ್ರಬಂಧ ಬಂತು, 2020ರಲ್ಲಿ ನೊಬೆಲ್ ಬಂತು. ಬೀದಿಯಲ್ಲಿ ನಡೆದು ಹುಟ್ಟಿದ ಆ ಕೆಲಸಕ್ಕೆ ಪ್ರಶಸ್ತಿ ಬಂದ ವರ್ಷ ಸ್ಟಾಕ್‌ಹೋಮಿನಲ್ಲಿ ಜನ ಸೇರುವಂತಿರಲಿಲ್ಲ; ಡೌಡ್ನಾ ಪದಕವನ್ನು ಬರ್ಕ್ಲಿಯ ತಮ್ಮ ಮನೆಯ ಹಿತ್ತಿಲಲ್ಲೇ ಪಡೆದರು.

ಎರಡನೆಯದು ಇನ್ನೂ ಹಳೆಯದು, ನನಗೆ ಹೆಚ್ಚು ಇಷ್ಟವಾದದ್ದು. 1972ರ ನವೆಂಬರ್, ಹವಾಯಿಯ ಹೊನೊಲುಲು. ಹಗಲೆಲ್ಲ ಸಭೆ ಮುಗಿಸಿ ರಾತ್ರಿ ವೈಕಿಕಿ ಕಡಲ ತೀರದ ಬಳಿ ಒಂದು ಸಣ್ಣ ತಿಂಡಿ ಅಂಗಡಿಯಲ್ಲಿ ಸ್ಟ್ಯಾನ್ಲಿ ಕೋಹೆನ್ ಮತ್ತು ಹರ್ಬರ್ಟ್ ಬಾಯರ್ ಸ್ಯಾಂಡ್‌ವಿಚ್ ತಿನ್ನುತ್ತಾ ಕೂತರು. ಒಬ್ಬರ ಬಳಿ ಬ್ಯಾಕ್ಟೀರಿಯಾದೊಳಗಿನ ಡಿಎನ್‌ಎ ಉಂಗುರಗಳ ವಿದ್ಯೆ, ಇನ್ನೊಬ್ಬರ ಬಳಿ ಡಿಎನ್‌ಎ ಕತ್ತರಿಸುವ ಕಿಣ್ವದ ವಿದ್ಯೆ. ಎರಡನ್ನೂ ಸೇರಿಸಿದರೆ ಬೇಕಾದ ವಂಶವಾಹಿಯನ್ನು ಬ್ಯಾಕ್ಟೀರಿಯಾಗೆ ಅಂಟಿಸಬಹುದಲ್ಲ ಎಂದು ಅಲ್ಲಿ ಹೊಳೆಯಿತು. ಇವತ್ತಿನ ಇನ್ಸುಲಿನ್ ತಯಾರಿಕೆಯವರೆಗೆ ಬಂದ ದಾರಿಯ ಮೊದಲ ಹೆಜ್ಜೆ ಅದು. ಸ್ವಾರಸ್ಯ ಇರುವುದು ಇಲ್ಲಿ: ಕೋಹೆನ್ ಸ್ಟ್ಯಾನ್‌ಫರ್ಡಿನವರು, ಬಾಯರ್ ಸ್ಯಾನ್ ಫ್ರಾನ್ಸಿಸ್ಕೊದವರು. ಇಬ್ಬರ ಪ್ರಯೋಗಾಲಯಗಳ ನಡುವೆ ಇದ್ದದ್ದು ಕಾರಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಅಕ್ಕಪಕ್ಕದ ಊರಿನವರು ಕೂತು ಮಾತಾಡಲು ಶಾಂತ ಸಾಗರದ ನಡುವಿನ ದ್ವೀಪಕ್ಕೇ ಹೋಗಬೇಕಾಯಿತು.

ಬಹುಶಃ ಊರಿನಲ್ಲಿದ್ದಾಗ ಇಬ್ಬರಿಗೂ ಪುರುಸೊತ್ತಿರಲಿಲ್ಲ. ಇದು ನನಗೆ ಅರ್ಥವಾದದ್ದು ಓಓಡಿ ಎಂಬ ಮೂರಕ್ಷರದಿಂದ. ಸರ್ಕಾರಿ ನೌಕರರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೇರೆ ಕಡೆ ಕರ್ತವ್ಯದ ಮೇಲೆ ಹೋಗಿದ್ದಾರೆ, ರಜೆ ಹಾಕಿಲ್ಲ ಎಂದು ಹಾಜರಿ ಪುಸ್ತಕದಲ್ಲಿ ಬರೆಯುವ ಸೌಲಭ್ಯ ಅದು. ಜಿಕೆವಿಕೆಗೆ ಹೋದಾಗ ನನಗೆ ಓಓಡಿ ಇತ್ತು. ನನ್ನ ಕ್ಲಾಸುಗಳನ್ನು ಇನ್ನೊಬ್ಬರು ತೆಗೆದುಕೊಂಡರು, ಅಡುಗೆಯನ್ನು ಅತ್ತೆ ನೋಡಿಕೊಂಡರು, ‘ಮೇಡಂ ಊರಲ್ಲಿಲ್ಲ’ ಎಂದರೆ ಎಲ್ಲರೂ ಒಪ್ಪುತ್ತಿದ್ದರು. ಪರದೆಯ ಸಮ್ಮೇಳನಕ್ಕೆ ಯಾರು ಓಓಡಿ ಕೊಡುತ್ತಾರೆ? ‘ಮನೇಲೇ ಇದ್ದೀರಲ್ಲ ಮೇಡಂ’ ಎನ್ನುತ್ತಾರೆ. ಆ ಜುಲೈ ರಾತ್ರಿ ಎರಡೂವರೆಗೆ ಮಲಗಿದವಳು ಬೆಳಗ್ಗೆ ದೋಸೆ ಹುಯ್ದು ಒಂಬತ್ತಕ್ಕೆ ಆನ್‌ಲೈನ್ ತರಗತಿಗೆ ಕೂತಿದ್ದೆ. ಮರುದಿನದ ಸೆಷನ್ನುಗಳಲ್ಲಿ ಒಂದು ಕಿವಿ ಕುಕ್ಕರಿನ ಸೀಟಿಯ ಕಡೆ. ಸಮ್ಮೇಳನಕ್ಕೆ ಹೋಗುವುದೆಂದರೆ ಅಲ್ಲಿ ಇರುವುದು ಎಂದುಕೊಂಡಿದ್ದೆವು. ಇಲ್ಲಿ ಇಲ್ಲದಿರುವುದು ಅದಕ್ಕಿಂತ ದೊಡ್ಡ ಸಂಗತಿಯಾಗಿತ್ತು. ರೈಲು, ಬಸ್ಸು, ಹೋಟೆಲುಗಳಿಗೆ ಕೊಟ್ಟ ದುಡ್ಡಿನಲ್ಲಿ ನಾವು ಕೊಳ್ಳುತ್ತಿದ್ದದ್ದು ಮೂರು ದಿನದ ಬಿಡುಗಡೆಯನ್ನು.

ಆ ಬಿಡುಗಡೆ ಇಲ್ಲದ ಸಮ್ಮೇಳನ ಹೇಗೆ ಬಡವಾಗುತ್ತದೆ ಎಂಬುದಕ್ಕೆ ನನ್ನ ಕಂಪ್ಯೂಟರಿನಲ್ಲಿ ಒಂದು ಫೋಲ್ಡರ್ ಸಾಕ್ಷಿ. ಕಾಲೇಜು ಮೇಷ್ಟ್ರುಗಳಿಗೆ 2020 ಎಂದರೆ ವೆಬಿನಾರುಗಳ ವರ್ಷ. ಗೂಗಲ್ ಫಾರ್ಮಿನಲ್ಲಿ ನೋಂದಣಿ, ಯೂಟ್ಯೂಬಿನಲ್ಲಿ ಭಾಷಣ, ಕೊನೆಯಲ್ಲಿ ಫೀಡ್‌ಬ್ಯಾಕ್ ಫಾರ್ಮ್ ತುಂಬಿದರೆ ಇ-ಸರ್ಟಿಫಿಕೇಟ್. ಬಡ್ತಿಯ ಫೈಲಿಗೆ ಬೇಕಾಗುತ್ತದಲ್ಲ. ನನ್ನ ಫೋಲ್ಡರಿನಲ್ಲಿ ಅಂಥ 41 ಸರ್ಟಿಫಿಕೇಟುಗಳಿವೆ, ಎಲ್ಲಕ್ಕೂ ಬಂಗಾರದ ಬಣ್ಣದ ಅಂಚು. ಅವುಗಳಲ್ಲಿ ಮೂವತ್ತರಷ್ಟು ಯಾವ ವಿಷಯದ ಮೇಲೆ ಎಂದು ಕೇಳಿದರೆ ತೆರೆದು ಓದಿಯೇ ಹೇಳಬೇಕು.

ಇಷ್ಟು ಹೇಳಿದ ಮೇಲೆ ಹಳೆಯ ಸಮ್ಮೇಳನವನ್ನು ಹೊಗಳುತ್ತಾ ಕೂತರೆ ಅದೂ ಅನ್ಯಾಯ. ಹತ್ತಕ್ಕೆ ಎಂದ ಉದ್ಘಾಟನೆ ಹನ್ನೊಂದೂವರೆಗೆ. ನಂತರ ದೀಪ, ಹಾರ, ಶಾಲು, ಪೇಟ. ವಿಷಯ ಮಂಡಿಸಬೇಕಾದ ವಿದ್ಯಾರ್ಥಿಗೆ ಹದಿನೈದು ನಿಮಿಷವೆಂದು ಹೇಳಿ ಕೊನೆಗೆ ಐದು. ಊಟದ ನಂತರ ಅರ್ಧ ಹಾಲ್ ಖಾಲಿ. ಕಾಫಿ ಹೊತ್ತಿನಲ್ಲಿ ದೊಡ್ಡವರೆಲ್ಲ ತಮ್ಮ ತಮ್ಮ ಗುಂಪು ಕಟ್ಟಿ ನಗುತ್ತಿದ್ದರೆ, ಮೊದಲ ಬಾರಿ ಬಂದ ಹುಡುಗ ಬಿಸ್ಕತ್ತು ಹಿಡಿದು ಗೋಡೆಯ ಮೇಲಿನ ಫೋಟೊ ಓದುತ್ತಾ ನಿಂತಿರುತ್ತಾನೆ. ಊಟದ ಸಾಲು ಎಲ್ಲರಿಗೂ ಅಸ್ಸಾಮಿನ ಮೇಷ್ಟ್ರನ್ನು ಕೊಡುವುದಿಲ್ಲ. ಸಾಲಿನಲ್ಲಿ ಸಿಕ್ಕವರಷ್ಟೇ ಸಿಗುತ್ತಾರೆ; ಊರಿಂದ ಹೊರಡಲಾಗದವರು ಆ ಸಾಲಿಗೆ ಸೇರುವುದೇ ಇಲ್ಲ.

ಎರಡನ್ನೂ ಒಂದು ಮಾಡುವ ಪ್ರಯತ್ನಗಳೂ ಆದವು. ಗ್ಯಾದರ್ ಎಂಬ ತಾಣದಲ್ಲಿ ಹಳೇ ವಿಡಿಯೊ ಗೇಮಿನಂಥ ಒಂದು ಕಟ್ಟಡ. ನಮ್ಮ ಪುಟ್ಟ ಗೊಂಬೆಯನ್ನು ನಡೆಸಿಕೊಂಡು ಹೋದರೆ ಹತ್ತಿರ ಇದ್ದವರ ದನಿ ಕೇಳುತ್ತದೆ, ದೂರ ಸರಿದರೆ ಮಸುಕಾಗುತ್ತದೆ. ಕಿವಿಯ ಸಮಸ್ಯೆಗೆ ಜಾಣ ಪರಿಹಾರವೇ. ನನ್ನ ಗೊಂಬೆ ಮಾತ್ರ ಒಂದು ಹೂಕುಂಡದ ಹಿಂದೆ ಸಿಕ್ಕಿಕೊಂಡಿತು. ಎದುರಿಗೆ ಬಂದ ಇನ್ನೊಂದು ಗೊಂಬೆ ‘ಹಲೋ’ ಎಂದಾಗ ಏನು ಹೇಳಬೇಕೋ ತೋಚದೆ ಕಿಟಕಿ ಮುಚ್ಚಿಬಿಟ್ಟೆ. 2019ರಲ್ಲಿ ಲಂಡನ್ನಿನಲ್ಲಿ ಶುರುವಾದ ಹಾಪಿನ್ ಎಂಬ ಪರದೆ ಸಮ್ಮೇಳನಗಳ ಕಂಪನಿಯ ಬೆಲೆ ಎರಡೇ ವರ್ಷದಲ್ಲಿ 775 ಕೋಟಿ ಡಾಲರ್ ಮುಟ್ಟಿತು. ಇನ್ನು ಮೇಲೆ ಜಗತ್ತು ಹೀಗೇ ಎಂದು ಹಣ ಹಾಕಿದವರು ನಂಬಿದ್ದರು. ಜನ ಸಭಾಂಗಣಗಳಿಗೆ ವಾಪಸು ನಡೆದರು. 2023ರಲ್ಲಿ ಅದರ ಸಮ್ಮೇಳನ ವ್ಯವಹಾರ ಇನ್ನೊಂದು ಕಂಪನಿಗೆ ಮಾರಾಟವಾಯಿತು.

ಈಗ ಹೆಚ್ಚಿನ ಕಡೆ ನಡೆಯುವುದು ಹೈಬ್ರಿಡ್: ಅಲ್ಲಿಯೂ ಇರಿ, ಇಲ್ಲಿಯೂ ಇರಿ. ಕೇಳಲು ಚೆಂದ. ಅನುಭವಿಸಿದವರಿಗೆ ಗೊತ್ತು, ಅದು ಮದುವೆಯನ್ನು ಕಾಂಪೌಂಡಿನ ಹೊರಗೆ ನಿಂತು ನೋಡಿದ ಹಾಗೆ. ಹಾಲಿನಲ್ಲಿ ಯಾರೋ ಮೈಕ್ ಇಲ್ಲದೆ ಪ್ರಶ್ನೆ ಕೇಳುತ್ತಾರೆ. ನಮಗೆ ಕೇಳುವುದು ಉತ್ತರ ಮಾತ್ರ. ಎಲ್ಲರೂ ಗೊಳ್ಳೆಂದು ನಗುತ್ತಾರೆ, ಏಕೆಂದು ತಿಳಿಯುವುದಿಲ್ಲ. ಊಟಕ್ಕೆ ಬಿಡುತ್ತಾರೆ, ಪರದೆಯಲ್ಲಿ ಒಂದು ಗಂಟೆ ಖಾಲಿ ಕುರ್ಚಿಗಳು. ಕೇಳುವುದು, ಸಿಗುವುದು ಎರಡನ್ನೂ ಒಂದೇ ಹೊತ್ತಿಗೆ, ಒಂದೇ ಕೋಣೆಯಿಂದ ಎಲ್ಲರಿಗೂ ಕೊಡಹೋದರೆ ಆಗುವುದೇ ಹೀಗೆ.

ಬೇರೆ ಬೇರೆಯಾಗಿ ಕೊಟ್ಟರೆ? ದೂರದಿಂದ ಕೇಳುವುದು, ಹತ್ತಿರದವರು ಸಿಗುವುದು. ಇದು ನನ್ನ ಯೋಚನೆಯಲ್ಲ. ಕೊರೊನಾದ ಸುದ್ದಿ ಇನ್ನೂ ದೊಡ್ಡದಾಗದಿದ್ದ 2020ರ ಜನವರಿಯಲ್ಲೇ ಬೆಳಕಿನ ವಿಜ್ಞಾನದವರು ‘ಫೋಟಾನಿಕ್ಸ್ ಆನ್‌ಲೈನ್ ಮೀಟಪ್’ ಎಂಬ ಸಮ್ಮೇಳನ ನಡೆಸಿದ್ದರು. ಭಾಷಣ ಅಂತರ್ಜಾಲದಲ್ಲಿ, ಆದರೆ ಮನೆಯಲ್ಲಿ ಒಬ್ಬೊಬ್ಬರೇ ನೋಡಬೇಡಿ, ನಿಮ್ಮ ನಿಮ್ಮ ಊರಿನಲ್ಲಿ ಒಂದು ಕೋಣೆಯಲ್ಲಿ ಸೇರಿ ನೋಡಿ ಎಂದು ಕೇಳಿಕೊಂಡಿದ್ದರು. ಊರಿಗೊಂದೇ ಟಿವಿ ಇದ್ದ ಕಾಲದಲ್ಲಿ ನಾವು ಪಕ್ಕದ ಮನೆಯ ಪಡಸಾಲೆಯಲ್ಲಿ ಕೂತು ಆಟ ನೋಡುತ್ತಿದ್ದದ್ದೂ ಹೀಗೇ ಅಲ್ಲವೇ? ಆಟ ಎಲ್ಲೋ ನಡೆಯುತ್ತಿತ್ತು, ಜಗಳ ಇಲ್ಲಿ ನಡೆಯುತ್ತಿತ್ತು.

ಕಳೆದ ವರ್ಷ ನಾವೂ ಅದನ್ನು ಮಾಡಿ ನೋಡಿದೆವು. ಅದೇ ಅಮೆರಿಕದ ಸಮ್ಮೇಳನ, ಅಲ್ಲಿ ಬೆಳಗ್ಗೆ ಒಂಬತ್ತಾದರೆ ಇಲ್ಲಿ ಸಂಜೆ ಆರೂವರೆ. ಸುತ್ತಲಿನ ನಾಲ್ಕು ಕಾಲೇಜುಗಳಿಂದ ಒಂಬತ್ತು ಜನ ಫಿಸಿಕ್ಸಿನವರು ಮಧ್ಯಾಹ್ನ ಎರಡಕ್ಕೇ ನಮ್ಮ ಲ್ಯಾಬಿಗೆ ಬಂದರು. ಹಿಂದಿನ ದಿನದ ರೆಕಾರ್ಡಿಂಗುಗಳನ್ನು ಪ್ರೊಜೆಕ್ಟರಿನಲ್ಲಿ ಹಾಕಿ, ಬೇಕಾದಲ್ಲಿ ನಿಲ್ಲಿಸಿ, ‘ಇದು ನಮ್ಮ ಮಕ್ಕಳಿಗೆ ಆಗಲ್ಲ’, ‘ಯಾಕಾಗಲ್ಲ?’ ಎಂದು ಜಗಳವಾಡಿದೆವು. ಸಂಜೆಗೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಕಾಫಿ. ಬಜ್ಜಿಯ ಹೊತ್ತಿಗೆ ಪಕ್ಕದ ತಾಲ್ಲೂಕಿನ ಒಬ್ಬರು ನನ್ನ ಸಿಡಿ ಸ್ಪೆಕ್ಟ್ರೋಮೀಟರ್ ಎತ್ತಿ ನೋಡಿ, ರಟ್ಟಿನ ಬದಲು ಪಿವಿಸಿ ಪೈಪು ಬಳಸಿದರೆ ಮಳೆಗಾಲದಲ್ಲಿ ಮೆತ್ತಗಾಗುವುದಿಲ್ಲ ಎಂದರು. ಹನ್ನೆರಡು ವರ್ಷದಿಂದ ಮೂವತ್ತು ಕಿಲೋಮೀಟರ್ ದೂರದಲ್ಲಿದ್ದವರು. ಅಷ್ಟು ಹೊತ್ತು ಕೂತು ಮಾತಾಡಿದ್ದು ಅದೇ ಮೊದಲು.

ಅದಕ್ಕೆ ಒಂದು ವಾರ ಮೊದಲು ನಾನು ಪ್ರಾಂಶುಪಾಲರ ಕೋಣೆಗೆ ಓಓಡಿ ಅರ್ಜಿ ಹಿಡಿದು ಹೋಗಿದ್ದೆ. ಮಧ್ಯಾಹ್ನದ ಎರಡು ಕ್ಲಾಸು ಬೇರೆಯವರಿಗೆ ಒಪ್ಪಿಸಿದ್ದೆ. ಅವರು ಅರ್ಜಿ ಓದುತ್ತಾ ‘ಸ್ಥಳ’ ಎಂಬಲ್ಲಿ ಬೆರಳಿಟ್ಟು ನಿಂತರು. ಅಲ್ಲಿ ನಾನು ಬರೆದಿದ್ದೆ: ‘ಭೌತಶಾಸ್ತ್ರ ಪ್ರಯೋಗಾಲಯ, ಮೊದಲ ಮಹಡಿ.’

‘ಇಲ್ಲೇ ಮೇಲ್ಗಡೆ ಇರೋಕೆ ಓಓಡಿ ಯಾಕ್ರೀ ಮೇಡಂ?’ ಎಂದರು.

‘ಇಲ್ಲೇ ಇರ್ತೀನಿ ಸರ್, ಯಾರೂ ಕರೀಬಾರದು, ಅದಕ್ಕೆ’ ಎಂದೆ.

ಅವರು ಒಂದು ಕ್ಷಣ ನನ್ನನ್ನು ನೋಡಿ, ಪೆನ್ನಿನ ಮುಚ್ಚಳ ತೆಗೆದರು.